ಬೋರಲಿಂಗ ಮನೆ ಕಂದಾಯ ಇಳಿಸಿದ್ದು

ಹೂಂ ಅಂತಾ ಇರಿ ಮತ್ತೆ. ಕೇಳೋರು ಹೂಂ ಅನ್ನದೇ ಹೋದರೆ ಹೇಳೋರಿಗೆ ಕತೆ ಮುಂದಕ್ಕೆ ಹೋಗೋದಿಲ್ಲ.

ನೆಲ್ಲಿಪೇಟೆ ಅಂತ ಒಂದು ಊರು. ಆ ಊರಿನ ಹಿಂದಿನ ಬೀದಿಯಲ್ಲಿ ಸಣ್ಣತಾಯಮ್ಮ ಅಂತ ಒಬ್ಬಳು ತಾಯಿ. ಬಸ್ ಸ್ಟ್ಯಾಂಡಿನಲ್ಲಿ ಹುರಿಗಾಳು ಮಾರೋಳು. ಗಂಡ ತೀರಿಹೋಗಿ ಬಹಳ ವರ್ಷ ಆಗಿತ್ತು. ಇದ್ದವನು ಒಬ್ಬನೇ ಮಗ, ಬೋರಲಿಂಗ. ಇಪ್ಪತ್ತೈದು ವರ್ಷದ ಆಳು. ಎರಡು ಮೂಟೆ ಹೊರು ಅಂದರೆ ಎರಡು ಮೂಟೆ ಹೊತ್ತಾನು, ಸೌದೆ ಸೀಳು ಅಂದರೆ ಸಂಜೆವರೆಗೂ ಸೀಳಿಯಾನು. ಮೈಯಲ್ಲಿ ಏನೂ ಕಮ್ಮಿ ಇರಲಿಲ್ಲ. ಮಾತನ್ನ ಮಾತ್ರ ಹೇಳಿದ್ದು ಹೇಳಿದ ಹಾಗೇ ಹಿಡಕೊಂಡುಬಿಡೋನು.

"ಬೋರಾ, ಹಾಲು ಉಕ್ಕುತ್ತೆ, ನೋಡ್ತಾ ಇರೋ" ಅಂತ ಹೇಳಿ ಅವ್ವ ನೀರಿಗೆ ಹೋದರೆ, ಇವನು ಒಲೆ ಮುಂದೆ ಕೂತು ನೋಡೋನು. ಹಾಲು ಉಕ್ಕಿ, ಚೆಲ್ಲಿ, ಒಲೆ ಆರಿ, ಬೂದಿ ನೆನೆದು ಹೋಗೋವರೆಗೂ ರೆಪ್ಪೆ ಮುಚ್ಚದೆ ನೋಡೋನು.

"ನೋಡ್ದೆ ಕಣವ್ವ. ಬಲು ಚೆನ್ನಾಗಿ ಉಕ್ತು!"

ಸಣ್ಣತಾಯಮ್ಮ ಹಣೆ ಹಣೆ ಚಚ್ಚಿಕೊಳ್ಳೋಳು. "ಅಯ್ಯೋ, ಯಾವನು ಹುಟ್ಟಿದ್ನೋ ನನ್ನ ಹೊಟ್ಟೇಲಿ!"

"ನಾನೇ ಕಣವ್ವ, ಬೋರಲಿಂಗ!"

ಹೀಗಿರುವಾಗ ಒಂದು ದಿನ ಪುರಸಭೆ ಜವಾನ ಬಂದ. ಕೈಯಲ್ಲಿ ಒಂದು ಕಾಗದ. ಓದಿ ಹೇಳಿದ. "ಅಮ್ಮಾ, ನಿಮ್ಮ ಮನೆಗೆ ಕಂದಾಯ ಏರಿಸವ್ರೆ. ಹೋದ ವರ್ಷದ ಆರು ಪಟ್ಟು. ಎರಡಂತಸ್ತಿನ ಆರ್‌ಸಿಸಿ ಮನೆ, ಮೇಲಿನ ಮನೆ ಬಾಡಿಗೆಗೆ ಅಂತ ಬರೆದೈತೆ."

ಸಣ್ಣತಾಯಮ್ಮ ತಲೆ ಎತ್ತಿ ತನ್ನ ಮನೆ ನೋಡಿದಳು. ಒಂದೇ ಒಂದು ಕೋಣೆ. ಮಣ್ಣಿನ ಗೋಡೆ. ಮೇಲೆ ನಾಡಹೆಂಚು.

"ಎರಡಂತಸ್ತಾ? ಎಲ್ಲಪ್ಪಾ ಇನ್ನೊಂದು?"

ಬೋರಲಿಂಗನೂ ತಲೆ ಎತ್ತಿದ. ಬೀದಿಗೆ ಓಡಿಹೋಗಿ ಅಲ್ಲಿಂದಲೂ ನೋಡಿದ. "ಇಲ್ಲ ಕಣವ್ವ. ಯಾರೋ ತಗೊಂಡೋಗವ್ರೆ!"

ಜವಾನ ನಕ್ಕ. ಅವ್ವ ನಗಲಿಲ್ಲ. ಕಟ್ಟದೇ ಇದ್ದರೆ ನಲ್ಲಿ ಕೀಳ್ತಾರೆ, ಬಾಗಿಲಿಗೆ ನೋಟೀಸು ಅಂಟಿಸ್ತಾರೆ, ತಕರಾರು ಇದ್ದರೆ ಕಂದಾಯದ ರೇವಣಪ್ಪ ಸಾಹೇಬರ ಹತ್ತಿರ ಹೇಳಬೇಕು ಅಂತ ಜವಾನ ಹೇಳಿಹೋದ. ಪುರಸಭೆ ಇರೋದು ಊರಿನ ಆ ಕೊನೆಗೆ. ಸಣ್ಣತಾಯಮ್ಮನ ಮಂಡಿ ಊದಿ ಕುಂಬಳಕಾಯಿ ಆಗಿತ್ತು. ಹೊಸ್ತಿಲು ದಾಟೋದೇ ಕಷ್ಟ.

"ಬೋರಾ, ನೀನೇ ಹೋಗಬೇಕು ಕಣೋ. ಬರೀ ಬಾಯಲ್ಲಿ ಹೇಳಿದ್ರೆ ಯಾರೂ ನಂಬಲ್ಲ. ನಮ್ಮ ಮನೆ ಎಂಥದ್ದು ಅಂತ ಸಾಹೇಬರ ಕಣ್ಣಿಗೆ ತೋರಿಸಿ ಬಾ."

"ಹಂಗೇ ಆಗ್ಲವ್ವ!"

ಅವ್ವ ಹಿತ್ತಲಲ್ಲಿ ಪಾತ್ರೆ ಬೆಳಗ್ತಾ ಕೂತಳು. ಬೋರಲಿಂಗ ಮನೆ ಮುಂದೆ ನಿಂತು ಯೋಚನೆ ಮಾಡಿದ. ಮನೇನ ತೋರಿಸಬೇಕು. ಮನೆ ಇರೋದು ಇಲ್ಲಿ, ಸಾಹೇಬರ ಕಣ್ಣಿರೋದು ಅಲ್ಲಿ. ಗೋಡೆಗೆ ಭುಜ ಕೊಟ್ಟು ತಳ್ಳಿದ. ಗೋಡೆ ಬರಲಿಲ್ಲ. ಹೆಂಚಿಗೆ ಕೈ ಹಾಕಿದ. ಗುಬ್ಬಚ್ಚಿ ಗೂಡು ಕಟ್ಟಿತ್ತು, ಪಾಪ ಅನ್ನಿಸ್ತು. ಕೊನೆಗೆ ಬಾಗಿಲನ್ನ ಕೀಲಿನಿಂದ ಎತ್ತಿದ. ಅದು ಬಂತು. ತಲೆ ಮೇಲೆ ಹೊತ್ತ, ಹೊರಟ.

ರೇವಣಪ್ಪ ಸಾಹೇಬರು ಟೀ ಕುಡೀತಾ ಇದ್ದರು. ಕಚೇರಿ ಬಾಗಿಲಲ್ಲಿ ಇನ್ನೊಂದು ಬಾಗಿಲು ಒಳಕ್ಕೆ ಬಂತು. ಅದರ ಕೆಳಗೆ ಎರಡು ಕಾಲು.

"ಯಾರಯ್ಯ ಅದು! ಏನಯ್ಯ ಇದು!"

"ನಮ್ಮ ಮನೆ ಸ್ವಾಮಿ! ಕಣ್ಣಿಗೆ ತೋರಿಸಿ ಬಾ ಅಂದ್ಲು ನಮ್ಮವ್ವ. ಇಷ್ಟು ಬಂತು. ಮಿಕ್ಕಿದ್ದು ಬರಲಿಲ್ಲ. ಚೆನ್ನಾಗಿ ನೋಡ್ಕೊಳ್ಳಿ, ಎಷ್ಟು ಅಂತಸ್ತೈತೆ?"

ಸಾಹೇಬರಿಗೆ ಟೀ ನೆತ್ತಿಗೆ ಹತ್ತಿತು. "ಅರ್ಜಿ ಇಲ್ಲದೆ ಇಲ್ಲಿ ಏನೂ ನೋಡಲ್ಲ! ಅರ್ಜಿ ತಗೊಂಡು ಬಾ! ಮೊದಲು ಇದನ್ನ ಹೊತ್ತುಕೊಂಡು ನಡಿ!"

ಬೋರಲಿಂಗ ಹೊತ್ತುಕೊಂಡು ನಡೆದ. ಮನೆಗೆ ಬಂದು ನೋಡ್ತಾನೆ, ಬಾಗಿಲಿಲ್ಲದ ಮನೆಗೆ ಬೀದಿ ಮೇಕೆ ನುಗ್ಗಿದೆ. ಎರಡು ಸೇರು ಹುರಿಗಡಲೆ ತಿಂದು ಮೂತಿ ನೆಕ್ಕಿಕೊಳ್ತಾ ಇದೆ. ಅವ್ವ ಕೋಲು ಹಿಡಿದು ಕುಂಟ್ತಾ ಇದ್ದಾಳೆ.

"ಅಯ್ಯೋ! ಬಾಗಿಲು ಹೊತ್ಕೊಂಡು ಯಾರಾದ್ರೂ ಕಚೇರಿಗೆ ಹೋಗ್ತಾರೇನೋ! ಯಾವನು ಹುಟ್ಟಿದ್ನೋ ನನ್ನ ಹೊಟ್ಟೇಲಿ!"

"ನಾನೇ ಕಣವ್ವ, ಬೋರಲಿಂಗ!"

"ಕಾಗದ ಒಯ್ಯಬೇಕು ಕಣೋ, ಕಾಗದ! ಟೈಪ್ ಹೊಡೆಯೋ ಬಷೀರ್ ಸಾಬರ ಹತ್ರ ಅರ್ಜಿ ಬರೆಸು. ಆದ್ರೆ ನೆನಪಿರಲಿ, ಅರ್ಜಿ ತೂಕವಾಗಿರಬೇಕು. ಹಗುರವಾಗಿದ್ರೆ ಯಾರೂ ತಿರುಗಿ ನೋಡಲ್ಲ. ತೂಕವಾಗಿ ಮಾಡಿಸಿ ಸಾಹೇಬರ ಮುಂದೆ ಇಡು."

"ಹಂಗೇ ಆಗ್ಲವ್ವ!"

ಮಾರನೆಯ ದಿನ ಬಷೀರ್ ಸಾಬರು ಅರ್ಜಿ ಬರೆದುಕೊಟ್ಟರು. ಒಳ್ಳೆ ಅರ್ಜಿ. ಬಡತನ, ಮಣ್ಣಿನ ಗೋಡೆ, ವಿಧವೆ ತಾಯಿ, ಊದಿದ ಮಂಡಿ, ಎಲ್ಲಾ ಇತ್ತು. ಬೋರಲಿಂಗ ಅದನ್ನ ಅಂಗೈ ಮೇಲೆ ಇಟ್ಟು ಮೇಲೆ ಕೆಳಗೆ ಆಡಿಸಿ ನೋಡಿದ.

"ಸಾಬ್ರೇ, ಇದು ಹಗುರ ಐತೆ."

"ಹಗುರಾನಾ? ಓದಿದರೆ ಕಲ್ಲೂ ಅಳಬೇಕು, ಹಂಗೆ ಬರ್ದಿದ್ದೀನಪ್ಪ!"

ಕಲ್ಲು ಅಂದ ಕೂಡಲೇ ಬೋರಲಿಂಗನಿಗೆ ದಾರಿ ಹೊಳೀತು. ಓಡಿದ ಮನೆಗೆ. ಒರಳಿನಿಂದ ರುಬ್ಬೋ ಗುಂಡು ಎತ್ತಿದ. ಅರ್ಜೀನ ಅದಕ್ಕೆ ಸುತ್ತಿ ದಾರ ಕಟ್ಟಿದ. ಈಗ ತೂಕ ಬಂತು! ಹೆಗಲ ಮೇಲೆ ಇಟ್ಟುಕೊಂಡು ಪುರಸಭೆಗೆ ಹೋದ. ರೇವಣಪ್ಪ ಸಾಹೇಬರ ಮುಂದೆ ಧಡ್ ಅಂತ ಇಟ್ಟ.

ಮೇಜಿನ ಗಾಜು ಪಟಾರ್! ಗುಂಡು ಗುಡುಗುಡು ಉರುಳ್ತು. ಮಸಿ ಬಾಟಲಿ ಹೋಯ್ತು, ಟೀ ಲೋಟ ಹೋಯ್ತು. ಸಾಹೇಬರು ಎರಡೂ ಕಾಲು ಎತ್ತಿ ಕುರ್ಚಿ ಮೇಲೆ ನಿಂತುಬಿಟ್ಟರು.

"ಏನಯ್ಯ ಇದು!"

"ಅರ್ಜಿ ಸ್ವಾಮಿ!"

"ಇದು ಅರ್ಜೀನಾ?"

"ತೂಕ ಸಾಲದಿದ್ರೆ ಹೇಳಿ ಸ್ವಾಮಿ, ಒರಳೂ ತರ್ತೀನಿ!"

ಜವಾನ, ಗುಮಾಸ್ತ ಸೇರಿ ಅವನನ್ನ ಗುಂಡಿನ ಸಮೇತ ಹೊರಕ್ಕೆ ಕಳಿಸಿದರು. ಅರ್ಜಿ ಮಸಿಯಲ್ಲಿ ಮುಳುಗಿ ಕಪ್ಪಾಯ್ತು. ಬೋರಲಿಂಗ ಮನೆಗೆ ಬಂದು ನಡೆದದ್ದು ನಡೆದ ಹಾಗೆ ಹೇಳಿದ.

"ಅಯ್ಯೋ! ಅರ್ಜಿಗೆ ಯಾರಾದ್ರೂ ಕಲ್ಲು ಕಟ್ತಾರೇನೋ! ಯಾವನು ಹುಟ್ಟಿದ್ನೋ ನನ್ನ ಹೊಟ್ಟೇಲಿ!"

"ನಾನೇ ಕಣವ್ವ, ಬೋರಲಿಂಗ!"

"ಇನ್ನು ಏನೂ ಹೊತ್ಕೊಂಡು ಹೋಗಬೇಡ. ಬರಿಗೈಲಿ ಹೋಗು. ಹೋಗಿ ಸಾಹೇಬರ ಕೈಕಾಲು ಹಿಡ್ಕೊ. ಮನೆ ನೋಡೋಕೆ ಬರ್ತೀನಿ ಅನ್ನೋವರೆಗೂ ಬಿಡಬೇಡ."

"ಹಂಗೇ ಆಗ್ಲವ್ವ!"

ಬರಿಗೈಲಿ ಹೋದ. ರೇವಣಪ್ಪ ಸಾಹೇಬರು ಆಗ ತಾನೇ ಮೆಟ್ಟಿಲಿಳಿದು ಊಟಕ್ಕೆ ಹೊರಟಿದ್ದರು. ಬೋರಲಿಂಗ ನೋಡಿದ. ತನಗೆ ಇರೋದು ಎರಡೇ ಕೈ. ಸಾಹೇಬರಿಗೆ ಎರಡು ಕೈ, ಎರಡು ಕಾಲು. ನಾಲ್ಕನ್ನೂ ಹಿಡಿಯೋದು ಹ್ಯಾಗೆ? ಒಂದು ಕೈ, ಒಂದು ಕಾಲು ಸಾಕು ಅಂತ ಗಬಕ್ಕನೆ ಹಿಡಿದ. ಹಿಡಿದು ಮೇಲಕ್ಕೆತ್ತಿದ. ಸಾಹೇಬರು ಒಂಟಿ ಕಾಲಲ್ಲಿ ಕುಣಿಯೋಕೆ ಶುರು ಮಾಡಿದರು.

"ಬಿಡೋ! ಬಿದ್ದೋಗ್ತೀನಿ! ಬಿಡೋ!"

"ಬಿಡಬೇಡ ಅಂದವ್ಳೆ ಸ್ವಾಮಿ!"

"ಏನು ಬೇಕಯ್ಯ ನಿನಗೆ!"

"ಈ ಕೈ, ಈ ಕಾಲು ಆದಮೇಲೆ ಆ ಕೈ, ಆ ಕಾಲು ಬೇಕು ಸ್ವಾಮಿ. ನೀವು ಮನೆ ನೋಡೋಕೆ ಬರ್ತೀನಿ ಅನ್ನೋವರೆಗೂ!"

"ಬರ್ತೀನಯ್ಯ! ಬುಧವಾರ ಬರ್ತೀನಿ! ಬಿಡು!"

ಬಿಟ್ಟ. ಸಾಹೇಬರು ಕೂತೇಬಿಟ್ಟರು, ಮೆಟ್ಟಿಲ ಮೇಲೆ. ಬೋರಲಿಂಗ ಕುಣಿಕುಣೀತಾ ಮನೆಗೆ ಬಂದ. ಅವ್ವ ಈ ಸಲ ಬೈಯೋಕೆ ಬಾಯಿ ತೆಗೆದಳು, ಬುಧವಾರ ಬರ್ತಾರೆ ಅಂದ ಕೂಡಲೇ ಬಾಯಿ ಮುಚ್ಚಿಕೊಂಡಳು. ಹೇಗಾದರೇನು, ಸಾಹೇಬರು ಕಣ್ಣಾರೆ ನೋಡಿದರೆ ಸಾಕಲ್ಲ!

ಬುಧವಾರ ಬಂತು. ಅವತ್ತೇ ಮಂಡಿಗೆ ಎಣ್ಣೆ ಹಾಕೋ ನಾಟಿ ವೈದ್ಯರು ಪಕ್ಕದ ಹಳ್ಳಿಗೆ ಬರೋ ದಿನ. ಸಣ್ಣತಾಯಮ್ಮ ಆಟೋ ಹತ್ತುವಾಗ ಮಗನಿಗೆ ಹೇಳಿದಳು. "ಬೋರಾ, ಸಾಹೇಬರು ಬಂದ್ರೆ ಕೈಕಾಲು ಹಿಡೀಬೇಡ, ದೂರ ನಿಂತ್ಕೊ. ಮಹಡಿ ಐತಾ, ಬಾಡಿಗೆ ಐತಾ, ಅದೈತಾ, ಇದೈತಾ ಅಂತ ಕೇಳ್ತಾರೆ. ಏನು ಕೇಳಿದ್ರೂ ಇಲ್ಲ ಅನ್ನು."

"ಹಂಗೇ ಆಗ್ಲವ್ವ!"

ರೇವಣಪ್ಪ ಸಾಹೇಬರು ಬಂದರು. ಬೋರಲಿಂಗನನ್ನ ನೋಡಿ ಹತ್ತು ಹೆಜ್ಜೆ ಆಚೆಗೇ, ಬೀದಿ ತಿರುವಿನಲ್ಲೇ ನಿಂತರು. ಅಲ್ಲಿಂದಲೇ ಕೂಗಿದರು.

"ಸಣ್ಣತಾಯಮ್ಮನ ಮನೆ ಇದೇನಾ?"

"ಇಲ್ಲ!"

"ಇಲ್ವಾ? ನೀನು ಅವಳ ಮಗ ತಾನೆ?"

"ಇಲ್ಲ!"

"ಮೊನ್ನೆ ನನ್ನ ಕಾಲು ಹಿಡಿದೋನು ನೀನಲ್ವಾ?"

"ಇಲ್ಲ!"

ಸಾಹೇಬರು ಬೆವರು ಒರೆಸಿಕೊಂಡರು. "ಹೋಗಲಿ. ಕಂದಾಯದ ಮೇಲೆ ನಿಮ್ಮದು ಆಕ್ಷೇಪಣೆ ಇದೆಯಾ, ಇಲ್ವಾ?"

"ಇಲ್ಲ!"

"ಇಲ್ಲ ಅಂದಮೇಲೆ ನನಗೇನು ಕೆಲಸ?" ಅಂತ ಸಾಹೇಬರು ಪುಸ್ತಕ ತೆಗೆದು 'ಆಕ್ಷೇಪಣೆ ಇಲ್ಲ' ಅಂತ ಬರೆದುಕೊಂಡು ನಿಂತ ಜಾಗದಿಂದಲೇ ವಾಪಸು ಹೋದರು. ಬೋರಲಿಂಗನಿಗೋ ಹಿಗ್ಗೋ ಹಿಗ್ಗು. ಒಂದೇ ಒಂದು ಸಲವೂ ತಪ್ಪಲಿಲ್ಲವಲ್ಲ!

ಮಾರನೆಯ ದಿನವೇ ಇನ್ನೊಂದು ಕಾಗದ. ಜವಾನ ಓದಿದ. "ಆಕ್ಷೇಪಣೆ ಇಲ್ಲ ಅಂತ ದಾಖಲಾಗೈತೆ. ಇದರ ಮೇಲೂ ಏನಾದ್ರೂ ಹೇಳೋದಿದ್ರೆ ಶುಕ್ರವಾರ ಮುಖ್ಯಾಧಿಕಾರಿ ವಾಗ್ದೇವಿ ಮೇಡಂ ಮುಂದೆ ಬಂದು ಹೇಳಬೇಕು. ಅದೇ ಕೊನೆ."

ಸಣ್ಣತಾಯಮ್ಮ ಈ ಸಲ ಹಣೆ ಚಚ್ಚಿಕೊಳ್ಳಲಿಲ್ಲ. ಯಾವನು ಹುಟ್ಟಿದ್ನೋ ಅಂತಲೂ ಅನ್ನಲಿಲ್ಲ. ಗೋಡೆಗೆ ಒರಗಿ ಕೂತು, ಕಿವಿಯ ಓಲೆ ಬಿಚ್ಚಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಗಂಡ ಮಾಡಿಸಿದ ಓಲೆ. ಬೋರಲಿಂಗ ಅವ್ವನ ಕಿವೀನೇ ನೋಡಿದ. ಓಲೆ ಇದ್ದ ಜಾಗದಲ್ಲಿ ಎರಡು ತೂತು.

"ಬೈಯವ್ವ," ಅಂದ.

"ಬೈದು ಏನು ಮಾಡ್ಲೋ?"

"ನಾನು ಈ ಸಲ ಸರಿಯಾಗಿ ಮಾಡ್ತೀನಿ. ಏನು ಮಾಡ್ಲಿ ಹೇಳು."

ಅವ್ವ ಕಣ್ಣೊರೆಸಿಕೊಂಡಳು. "ಮೇಡಂ ದೊಡ್ಡೋರು. ಎದುರು ಮಾತಾಡಬೇಡ. ಇಲ್ಲ ಅನ್ನೋ ಮಾತು ನಿನ್ನ ಬಾಯಲ್ಲಿ ಬರಲೇಕೂಡದು. ವಿನಯವಾಗಿ ನಿಂತ್ಕೊಂಡು, ಅವರು ಏನು ಹೇಳಿದ್ರೂ ಹೂಂ ಅನ್ನು. ಒಳ್ಳೇ ಹುಡುಗ ಅಂತ ಅವರಿಗೇ ಕರುಣೆ ಬರಬೇಕು."

"ಹಂಗೇ ಆಗ್ಲವ್ವ."

ಶುಕ್ರವಾರ. ವಾಗ್ದೇವಿ ಮೇಡಂ ಕೋಣೆ. ಮೇಡಂ ಕನ್ನಡಕ ಹಾಕಿಕೊಂಡು ಕಡತ ಓದ್ತಾ ಇದ್ದಾರೆ. ಪಕ್ಕದಲ್ಲಿ ರೇವಣಪ್ಪ ಸಾಹೇಬರು, ಕೈಕಾಲು ಹಿಂದಕ್ಕೆ ಎಳೆದುಕೊಂಡು. ಎದುರಿಗೆ ಬೋರಲಿಂಗ, ಕೈ ಕಟ್ಟಿಕೊಂಡು.

"ನಿಮ್ಮದು ಎರಡಂತಸ್ತಿನ ಮನೇನಾ?"

"ಹೂಂ."

"ಮೇಲಿನ ಮನೆ ಬಾಡಿಗೆಗೆ ಕೊಟ್ಟಿದ್ದೀರಾ?"

"ಹೂಂ."

"ನೋಡಿ ಮೇಡಂ, ಒಪ್ಕೊಂಡ!" ಅಂದರು ರೇವಣಪ್ಪ ಸಾಹೇಬರು.

"ಬಾಡಿಗೆ ಎಷ್ಟು ಬರ್ತದೆ?"

"ಹೂಂ."

ಮೇಡಂ ತಲೆ ಎತ್ತಿದರು. ಕನ್ನಡಕ ತೆಗೆದರು. ಬೋರಲಿಂಗನ ಮುಖವನ್ನ ಒಂದು ಗಳಿಗೆ ನೋಡಿದರು.

"ಮೂರನೇ ಅಂತಸ್ತೂ ಕಟ್ಟಿದ್ದೀರಾ?"

"ಹೂಂ."

"ಹಿತ್ತಲಲ್ಲಿ ಆನೆ ಕಟ್ಟಿದ್ದೀರಾ?"

"ಹೂಂ."

"ಒಂದೇನಾ, ಎರಡಾ?"

"ಹೂಂ."

ಹೂಂ ಅಂತಾ ಅಂತಾ ಬೋರಲಿಂಗನ ಕಣ್ಣಲ್ಲಿ ದಳದಳ ನೀರು. ಅವ್ವನ ಕಿವಿ ನೆನಪಾಗಿತ್ತು. ಇಷ್ಟು ಹೂಂ ಅಂದರೂ ಮೇಡಂಗೆ ಕರುಣೆ ಬಂದ ಹಾಗೆ ಕಾಣ್ತಾ ಇಲ್ಲವಲ್ಲ!

"ಯಾಕಪ್ಪ ಅಳ್ತಾ ಇದ್ದೀಯ?"

"ಹೂಂ," ಅಂದ. ಅಂದು, ತೋಳಲ್ಲಿ ಮೂಗೊರೆಸಿಕೊಂಡ.

ಮೇಡಂ ರೇವಣಪ್ಪನವರ ಕಡೆ ತಿರುಗಿದರು. "ನೀವು ಮನೆ ಹತ್ತಿರ ಹೋದಾಗ ಈತ ಏನಂದ?"

"ಕೇಳಿದ್ದಕ್ಕೆಲ್ಲಾ ಇಲ್ಲ ಅಂದ ಮೇಡಂ."

"ಅವತ್ತು ಎಲ್ಲಾದಕ್ಕೂ ಇಲ್ಲ. ಇವತ್ತು ಎಲ್ಲಾದಕ್ಕೂ ಹೂಂ. ಇದನ್ನ ನಂಬಿ 'ಆಕ್ಷೇಪಣೆ ಇಲ್ಲ' ಅಂತ ಬರೆದಿದ್ದೀರಲ್ಲಾ! ಒಳಗೆ ಹೋಗಿ ಅಳೆದಿದ್ದೀರಾ?"

ಈಗ ರೇವಣಪ್ಪ ಸಾಹೇಬರಿಗೆ ಹೂಂ ಅನ್ನೋಕೂ ಆಗಲಿಲ್ಲ, ಇಲ್ಲ ಅನ್ನೋಕೂ ಆಗಲಿಲ್ಲ. "ಬೀದಿ ತುದಿಯಿಂದ..." ಅಂದರು.

"ನಡೀರಿ, ನಾನೇ ನೋಡ್ತೀನಿ. ಆನೆ ಇದ್ದರೆ ಅದನ್ನೂ ನೋಡಿದ ಹಾಗಾಗ್ತದೆ!"

ಜೀಪು ಬಂದು ಹಿಂದಿನ ಬೀದಿಯಲ್ಲಿ ನಿಂತಿತು. ಸಣ್ಣತಾಯಮ್ಮ ಗಾಬರಿಯಿಂದ ಗೋಡೆ ಹಿಡಿದು ಎದ್ದಳು. ಮೇಡಂ ತಲೆ ತಗ್ಗಿಸಿ ಒಳಗೆ ಬಂದರು. ಒಳಗೆ ಬಂದು ನಾಲ್ಕು ಹೆಜ್ಜೆ ಇಟ್ಟರು, ಆ ಕಡೆ ಗೋಡೆ ಬಂದುಬಿಡ್ತು. ತಲೆ ಎತ್ತಿದರೆ ಹೆಂಚಿನ ಸಂದಿಯಿಂದ ಬಿಸಿಲು.

"ರೇವಣಪ್ಪನವರೇ, ಮೆಟ್ಟಿಲು ಎಲ್ಲಿ?"

ರೇವಣಪ್ಪ ಸಾಹೇಬರು ಮೂಲೆ ಮೂಲೆ ನೋಡಿದರು, ಮಂಚದ ಕೆಳಗೂ ಬಗ್ಗಿ ನೋಡಿದರು. ಆಮೇಲೆ ಪುಸ್ತಕ ತಿರುವಿದರು. ಹದಿಮೂರನೇ ನಂಬರಿನ ಮನೆಗೆ ಮೂವತ್ತೊಂದನೇ ನಂಬರಿನ ಮಹಡಿ ಮನೆ ಅಳತೆ ಬರೆದುಬಿಟ್ಟಿದ್ದಾರೆ! ಅವರ ಮುಖ ಹುರಿದ ಕಡಲೆ ಆಯ್ತು.

ಟೇಪು ಹಿಡಿದು ಅಳೆದರು. ಹಳೇ ಅಳತೆ ಹೊಡೆದುಹಾಕಿದರು. ಮೇಡಂ ಅಲ್ಲೇ ಮಂಚದ ಮೇಲೆ ಕೂತು ಬರೆದರು. ಒಂದು ಕೋಣೆ, ಮಣ್ಣಿನ ಗೋಡೆ, ನಾಡಹೆಂಚು, ಹಿಂದಿನಷ್ಟೇ ಕಂದಾಯ. ಸಹಿ ಹಾಕಿದರು. ಸಣ್ಣತಾಯಮ್ಮ ಎರಡೂ ಕೈ ಎತ್ತಿ ಮುಗಿದಳು. ಒಂದು ಸೇರು ಹುರಿಗಾಳು ಕಟ್ಟೋಕೆ ಹೋದಳು, ಮೇಡಂ ಬೇಡ ಅಂದು ಒಂದೇ ಒಂದು ಹಿಡಿ ತಗೊಂಡು ಬಾಯಿಗೆ ಹಾಕಿಕೊಂಡರು.

ಹೊರಡುವಾಗ ಬೋರಲಿಂಗನನ್ನ ಕರೆದು ಹೇಳಿದರು. "ನೋಡಪ್ಪ, ನೀನು ಈ ಮನೆ ಗಂಡಸು. ಇನ್ನು ಮುಂದೆ ನಿಮ್ಮ ಮನೇಲಿ ಏನಾದರೂ ಹೆಚ್ಚಾದರೆ ಮುಚ್ಚಿಡಬಾರದು. ತಕ್ಷಣ ಬಂದು ನನಗೆ ತಿಳಿಸಬೇಕು. ತಿಳೀತಾ?"

"ಹೂಂ!" ಅಂದ ಬೋರಲಿಂಗ. ಇದು ಮಾತ್ರ ನಿಜವಾದ ಹೂಂ.

ಮಾರನೆಯ ದಿನ ಸಣ್ಣತಾಯಮ್ಮ ಓಲೆ ಮತ್ತೆ ಹಾಕಿಕೊಂಡಳು. ಮಂಡಿ ನೋವು ಅರ್ಧ ಇಳಿದ ಹಾಗಿತ್ತು. ಮಗನಿಗೆ ಇಷ್ಟ ಅಂತ ಅವರೆಕಾಳಿನ ಸಾರು ಕುದಿಸಿದಳು. ಎಸರಿಗೆ ರಾಗಿ ಹಿಟ್ಟು ಹಾಕಿ, ಹಾಡು ಗುನುಗ್ತಾ ಮುದ್ದೆ ತೊಳಸಿದಳು. ಖುಷಿಯಲ್ಲಿ ಕೈ ಅಳತೆ ತಪ್ಪಿತ್ತು. ಮಗನಿಗೆ ಎರಡು ಕಟ್ಟಿದಳು, ತನಗೆ ಒಂದು ಕಟ್ಟಿದಳು, ಪಾತ್ರೇಲಿ ಇನ್ನೂ ಇತ್ತು.

"ಅಯ್ಯೋ ಬೋರಾ, ಒಂದು ಮುದ್ದೆ ಹೆಚ್ಚಾಯ್ತಲ್ಲೋ!"

ತಣಿಗೆ ಮುಂದೆ ಕೂತಿದ್ದ ಬೋರಲಿಂಗ ದಡಕ್ಕನೆ ಎದ್ದ.

"ಹೆಚ್ಚಾಯ್ತಾ?"

"ಹೂಂ ಕಣೋ, ಒಂದು ಪೂರ್ತಿ ಮುದ್ದೆ!"

"ಅಯ್ಯಯ್ಯೋ!" ಅಂದವನೇ ಆ ಹೊಗೆಯಾಡೋ ಮುದ್ದೇನ ಎತ್ತಿಕೊಂಡ. ಈ ಕೈಗೆ ಸುಟ್ಟರೆ ಆ ಕೈಗೆ, ಆ ಕೈಗೆ ಸುಟ್ಟರೆ ಈ ಕೈಗೆ. ಓಡಿದ, ಓಡಿದ, ಬಸ್ ಸ್ಟ್ಯಾಂಡ್ ದಾಟಿ ಓಡಿದ. ಹಿಂದೆ ಅವ್ವ ಬಾಗಿಲಲ್ಲಿ ನಿಂತು, "ಲೋ! ಎಲ್ಲಿಗೋ! ಉಣ್ಣೋದು ಬಿಟ್ಟು ಎಲ್ಲಿಗೋ!" ಅಂತ ಕೂಗಿದ್ದೇ ಬಂತು.

ಪುರಸಭೆಯಲ್ಲಿ ಮೇಡಂ ಸಭೆ ನಡೆಸ್ತಾ ಇದ್ದರು. ಊರಿನ ಸದಸ್ಯರೆಲ್ಲಾ ಸಾಲಾಗಿ ಕೂತಿದ್ದರು. ಬೋರಲಿಂಗ ನುಗ್ಗಿದವನೇ ಮುದ್ದೇನ ಮೇಡಂ ಮುಂದಿನ ಕಡತದ ಮೇಲೆ ಇಟ್ಟ.

"ಮೇಡಮ್ಮೋರೇ, ಮುಚ್ಚಿಡಲಿಲ್ಲ! ತಕ್ಷಣ ಬಂದಿದ್ದೀನಿ! ನಮ್ಮ ಮನೇಲಿ ಒಂದು ಮುದ್ದೆ ಹೆಚ್ಚಾಗೈತೆ, ಬರ್ಕೊಳ್ಳಿ!"

ಮೇಡಂ ಮುದ್ದೆ ನೋಡಿದರು. ಮುದ್ದೆ ಹೊಗೆಯಾಡ್ತಾ ಇತ್ತು. ರೇವಣಪ್ಪ ಸಾಹೇಬರು ಅಭ್ಯಾಸಬಲದಿಂದ ಟೇಪಿಗೆ ಕೈ ಹಾಕಿದರು.

ಬೋರಲಿಂಗ ಮೇಜಿನ ಮೇಲೆ ಬಗ್ಗಿ, ಮೇಡಂಗೆ ಮಾತ್ರ ಕೇಳೋ ಹಾಗೆ ಮೆಲ್ಲಗೆ ಕೇಳಿದ.

"ಇದಕ್ಕೆ ಕಂದಾಯ ಎಷ್ಟಾಗ್ತದೆ ಮೇಡಮ್ಮೋರೇ? ಜಾಸ್ತಿ ಆಗೋದಾದ್ರೆ ಹೇಳ್ಬಿಡಿ, ಅವ್ವಂಗೆ ತಿಳಿಯೋದ್ರೊಳಗೆ ನಾನೇ ತಿಂದುಬಿಡ್ತೀನಿ."

"ತಿಂದುಬಿಡಪ್ಪ," ಅಂದರು ಮೇಡಂ.

ತಿಂದ. ಅಷ್ಟೂ ಸದಸ್ಯರ ಮುಂದೆ, ನಿಂತಲ್ಲೇ, ಸಾರಿಲ್ಲದೆ ತಿಂದ. ಕೊನೇ ತುತ್ತು ನುಂಗಿ, ಬೆರಳು ನೆಕ್ಕಿ, ಬಾಯಿ ಅಗಲ ತೆರೆದು ರೇವಣಪ್ಪ ಸಾಹೇಬರ ಕಡೆ ತಿರುಗಿದ.

"ಒಳಗೆ ನೋಡಿ ಅಳೆದ್ಕೊಳ್ಳಿ ಸ್ವಾಮಿ. ಏನೂ ಇಲ್ಲ!"